ತಿಪ್ಪಮ್ಮನ ಒಂದು ದಿನ, ಇಂಗ್ಲಿಷಿನಲ್ಲಿ

ಕೊರೊನಾ ಬರುವುದಕ್ಕೆ ಮುಂಚಿನ ವರ್ಷ ಅದು. ನಾನಾಗ ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಮೇಲಿನ ಒಂದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಸೇವೆಗೆ ಸೇರಿ ಇಪ್ಪತ್ತೊಂಬತ್ತು ವರ್ಷವಾಗಿತ್ತು, ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಊರಿನ ಹೆಸರನ್ನಾಗಲಿ ಅಲ್ಲಿನ ಹೆಡ್‌ಮಾಸ್ಟರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಅವರಿಗೆ ಓದುವ ಮಕ್ಕಳಿದ್ದಾರೆ, ಆ ಮಕ್ಕಳು ಏನೂ ತಪ್ಪು ಮಾಡಿಲ್ಲ. ಆ ಮನುಷ್ಯನ ಮೇಲೆ ಮಾತ್ರ ನನಗೆ ಇವತ್ತಿಗೂ ಕನಿಕರವಿಲ್ಲ.

ಹೊಸದಾಗಿ ಇಂಗ್ಲಿಷ್ ಕಲಿಯುವ ಮಕ್ಕಳಿಗೆ ನಾವು ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ 'ಡೈಲಿ ರೂಟೀನ್' ಒಂದು. ಅಂದರೆ ದಿನಚರಿ. ಬೆಳಗಿನಿಂದ ರಾತ್ರಿಯವರೆಗೆ ದಿನಾಲೂ ಏನೇನು ಮಾಡುತ್ತೇವೆ ಎಂದು ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳುವುದು. ಐ ಗೆಟ್ ಅಪ್ ಅಟ್ ಸಿಕ್ಸ್. ಐ ಬ್ರಷ್ ಮೈ ಟೀತ್. ಐ ಡ್ರಿಂಕ್ ಮಿಲ್ಕ್. ಐ ಗೋ ಟು ಸ್ಕೂಲ್. ಇದನ್ನು ಬೋರ್ಡಿನ ಮೇಲೆ ಬರೆದು ಎಷ್ಟು ಸಾವಿರ ಮಕ್ಕಳ ಬಾಯಿಂದ ಹೇಳಿಸಿದ್ದೇನೋ ಲೆಕ್ಕವಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ನಸುಕಿಗೇ ತಾಯಿಯ ಜೊತೆ ಹೊಲಕ್ಕೆ ಹೋಗಿ, ಕರಿ ಚಹಾ ಕುಡಿದು, ಓಡಿಬಂದು ಕೂತ ಹುಡುಗಿಯೂ ತಾನು ಆರಕ್ಕೆ ಎದ್ದು ಹಾಲು ಕುಡಿಯುತ್ತೇನೆ ಎಂದೇ ಹೇಳುತ್ತಿದ್ದಳು. ನಾನು ಸರಿ ಅಂತ ಗುರುತು ಹಾಕುತ್ತಿದ್ದೆ. ಇಂಗ್ಲಿಷ್ ಇರುವುದು ಒಪ್ಪಿಸಲಿಕ್ಕೆ, ಅದರಲ್ಲಿ ಯಾರೂ ನಿಜ ಹೇಳಬೇಕಾಗಿಲ್ಲ ಅಂತ ನಾನೂ ಮಕ್ಕಳೂ ಒಪ್ಪಂದ ಮಾಡಿಕೊಂಡಂತಿತ್ತು.

ನಮ್ಮ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳು ತಿಪ್ಪಮ್ಮ. ವಯಸ್ಸು ನಲವತ್ತರ ಆಚೀಚೆ. ಗಂಡ ಕೃಷ್ಣಾ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದವನು, ತೀರಿಹೋಗಿದ್ದ. ಒಬ್ಬಳೇ ಮಗಳು ಸುರಪುರದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ತಿಪ್ಪಮ್ಮನಿಗೆ ಕನ್ನಡ ಅಕ್ಷರ ಬರುತ್ತಿತ್ತು, ಕೂಡಿಸಿ ಕೂಡಿಸಿ ಓದುತ್ತಿದ್ದಳು. ಸಹಾಯಕಿಯ ಜಾಗ ಖಾಲಿ ಇದ್ದುದರಿಂದ ನೂರರ ಹತ್ತಿರದ ಮಕ್ಕಳಿಗೆ ಅನ್ನ, ಸಾರು ಎರಡನ್ನೂ ಅವಳೊಬ್ಬಳೇ ಮಾಡುತ್ತಿದ್ದಳು. ಆ ಕೆಲಸ ಹೋದರೆ ಮಗಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅಡುಗೆಯವರನ್ನು ಪ್ರತಿ ವರ್ಷ ಹೊಸದಾಗಿ ಮುಂದುವರಿಸಬೇಕು, ಅದಕ್ಕೆ ಹೆಡ್‌ಮಾಸ್ಟರ ಸಹಿ ಬೇಕು. ಇದು ತಿಪ್ಪಮ್ಮನಿಗೂ ಗೊತ್ತಿತ್ತು, ಹೆಡ್‌ಮಾಸ್ಟರಿಗೂ ಗೊತ್ತಿತ್ತು.

ಹೆಡ್‌ಮಾಸ್ಟರು ಅದೇ ಊರಲ್ಲಿ ಬಾಡಿಗೆ ಮನೆ ಮಾಡಿದ್ದರು. ಹೆಂಡತಿಗೆ ಮೊಣಕಾಲು ನೋವು ಅಂತ ಒಂದು ದಿನ ತಿಪ್ಪಮ್ಮನನ್ನು ರೊಟ್ಟಿ ಬಡಿಯಲು ಕರೆಸಿದರು. ಆ ಒಂದು ದಿನ ಎರಡು ವರ್ಷವಾಯಿತು. ರೊಟ್ಟಿಯ ಜೊತೆ ಪಾತ್ರೆ ಸೇರಿತು, ಪಾತ್ರೆಯ ಜೊತೆ ಬಟ್ಟೆ. ಅವಳು ಅಲ್ಲಿ ಎಲ್ಲ ಮುಗಿಸಿ ಶಾಲೆಗೆ ಬಂದು ಒಲೆ ಹೊತ್ತಿಸುವ ಹೊತ್ತಿಗೆ ಎರಡನೆಯ ಪಿರಿಯಡ್ ನಡೆಯುತ್ತಿರುತ್ತಿತ್ತು. ಒಂದಕ್ಕೆ ಉಣ್ಣಬೇಕಾದ ಮಕ್ಕಳು ಎರಡಕ್ಕೆ ಉಣ್ಣುತ್ತಿದ್ದರು. ಒಂದನೆಯ ತರಗತಿಯ ಪುಟ್ಟ ಮಕ್ಕಳು ಹಸಿದು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದವು. ನಾನು ಒಮ್ಮೆ ಈ ಮಾತು ತೆಗೆದಿದ್ದಕ್ಕೆ ಹೆಡ್‌ಮಾಸ್ಟರು, "ನೀವು ಪಾಠ ಹೇಳ್ರಿ ಮೇಡಂ. ಅಡಗಿ ವಿಚಾರ ನನಗ ಬಿಡ್ರಿ," ಎಂದರು. ಬಿಟ್ಟೆ. ಶಹಾಪುರದ ಶಾಲೆಗೆ ನಾನು ಹಾಕಿದ್ದ ವರ್ಗಾವಣೆ ಅರ್ಜಿ ಅವರ ಟೇಬಲ್ಲಿನ ಮೇಲಿತ್ತು.

ಆ ವರ್ಷ ಬಿಸಿಯೂಟದ ಪರಿಶೀಲನೆಗೆ ಹೊರಗಿನಿಂದ ಒಂದು ತಂಡ ಬಂತು. ಮುಖ್ಯಸ್ಥೆ ಕೇರಳದ ಮಹಿಳೆ, ಕನ್ನಡ ಬಾರದು. ನಮ್ಮ ಕಡೆ ಕೂಲಿ ಮಾಡುವವರೂ ನಾಲ್ಕು ಮಾತು ಉರ್ದು ಆಡುತ್ತಾರೆ, ತಿಪ್ಪಮ್ಮನಿಗೂ ಬರುತ್ತಿತ್ತು. ಆದರೆ ಆ ಅಧಿಕಾರಿಗೆ ಹಿಂದಿಯಾಗಲಿ ಉರ್ದುವಾಗಲಿ ತಿಳಿಯದು. ಜೊತೆಗೆ ಬಂದ ತಾಲೂಕಿನ ಸಿಬ್ಬಂದಿ ಹೊರಗೆ ಜೀಪಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದರು. ಹೀಗಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಮಾತು ದಾಟಿಸುವ ಕೆಲಸವನ್ನು ಹೆಡ್‌ಮಾಸ್ಟರೇ ವಹಿಸಿಕೊಂಡರು.

ಇಲ್ಲಿ ಊಟ ಯಾಕೆ ಇಷ್ಟು ತಡ ಅಂತ ಅಧಿಕಾರಿ ಕೇಳಿದರು. ಹೆಡ್‌ಮಾಸ್ಟರು ತಿಪ್ಪಮ್ಮನ ಕಡೆ ತಿರುಗಿ ಕನ್ನಡದಲ್ಲಿ ಅದನ್ನೇ ಕೇಳಿದರು. ದೊಡ್ಡವರ ಎದುರು ಹೇಳಿದರೆ ತೊಂದರೆ ತಪ್ಪೀತು ಅಂತ ಆಕೆ ಧೈರ್ಯ ಮಾಡಿದಳು.

"ಏನ್ ಹೇಳ್ಲಿರಿ ಸರ್, ನಿಮ್ಮ ಮನಿ ಕೆಲಸ ಮುಗಿಸಿ ಬರೂದ್ರಾಗ ಹೊತ್ತಾಗ್ತದ. ಮುಂಜಾನೆ ನನ್ನ ಬಿಟ್ರ ಬರೋಬ್ಬರಿ ಒಂದಕ್ಕ ಮಕ್ಕಳಿಗಿ ಹಾಕ್ತೀನಿ."

ಹೆಡ್‌ಮಾಸ್ಟರು ರೆಪ್ಪೆ ಕೂಡ ಅಲುಗಿಸಲಿಲ್ಲ. "ಶಿ ಸೇಸ್ ಶಿ ಕಾಂಟ್ ಗೆಟ್ ಅಪ್ ಅರ್ಲಿ, ಮೇಡಂ. ಲೇಜಿ ವುಮನ್," ಎಂದರು. ಬೇಗ ಏಳಲು ಆಗುವುದಿಲ್ಲವಂತೆ, ಸೋಮಾರಿ ಹೆಂಗಸು. ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು. ತನ್ನ ಮಾತು ಮುಟ್ಟಿತು ಅಂತ ತಿಳಿದ ತಿಪ್ಪಮ್ಮ ಎರಡೂ ಕೈ ಜೋಡಿಸಿ, ನಕ್ಕು, "ಉಪಕಾರ ಆತ್ರಿ ಅಮ್ಮಾ," ಎಂದಳು. ನಾನು ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. ಪ್ರತಿ ಶಬ್ದವೂ ಕೇಳಿಸಿತು. ಬಾಯಿ ತೆರೆಯಲಿಲ್ಲ.

ಇಪ್ಪತ್ತು ದಿನದ ಮೇಲೆ ತಿಪ್ಪಮ್ಮ ಒಂದು ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಆಲಸ್ಯದಿಂದ ತಡವಾಗಿ ಹಾಜರಾಗುತ್ತಿರುವ ಕಾರಣ ನಿಮ್ಮನ್ನು ಯಾಕೆ ತೆಗೆಯಬಾರದು, ತಂಡದ ಮರುಭೇಟಿಯ ದಿನ ಖುದ್ದಾಗಿ ಉತ್ತರ ಕೊಡಿ ಅಂತ ಅದರಲ್ಲಿತ್ತು. ಓದಿ ಹೇಳಿದೆ.

"ಆಲಸ್ಯ ಅಂದ್ರ?"

"ಸೋಮಾರಿತನ."

ಅವಳು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ರೊಟ್ಟಿ ಬಡಿದು, ಬೂದಿ ತಿಕ್ಕಿ ಅದರ ಗೆರೆಗಳೆಲ್ಲ ಕಪ್ಪಾಗಿದ್ದವು. ಆಮೇಲೆ ನನ್ನ ಮುಖ ನೋಡಿದಳು.

"ಮೇಡಂ, ಅವತ್ತು ನೀವು ಬಾಗಲದಾಗ ನಿಂತಿದ್ರಿ. ಅವ ಆಕಿಗಿ ಏನ್ ಹೇಳಿದ?"

ಹೇಳಿದೆ. ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ಆಕೆ ಅಳಲಿಲ್ಲ. ಅಳುತ್ತಾಳೆ, ಸಮಾಧಾನ ಮಾಡಿ ನನ್ನ ಭಾರ ಇಳಿಸಿಕೊಳ್ಳೋಣ ಅಂತ ನಾನು ಕಾದಿದ್ದೆ. ಅವಳಿಗೆ ಬಂದದ್ದು ಬರೀ ಸಿಟ್ಟು.

"ಅವ ನನ್ನ ಬೈದಾಗ ನಾ ಕೈ ಮುಗದೀನಿ, ನೋಡ್ರಿ," ಎಂದಳು. "ಉಪಕಾರ ಆತು ಅಂದೀನಿ. ಇದನ್ನ ನಾ ಮರೀಬೇಕಂದ್ರ ಅವನ ಮಾರಿ ಇಳದದ್ದು ನೋಡಬೇಕು."

ಈ ಸಲ ಆ ಅಧಿಕಾರಿಗೆ ನಾನೇ ಹೇಳುತ್ತೇನೆ ಎಂದೆ. ಇಪ್ಪತ್ತು ದಿನ ತಡವಾಗಿ ಬಂದ ಧೈರ್ಯ ಅದು. ಆಕೆ ಬೇಡವೆಂದಳು.

"ನೀವು ಬ್ಯಾಡ್ರಿ. ನನ್ನ ಬಾಯಾಗಿಂದ ಬರಬೇಕು, ಅವ ಎದುರಿಗಿ ಇರಬೇಕು. ನನಗ ಇಂಗ್ಲಿಷ್ ಕಲಸ್ರಿ."

"ಎಷ್ಟು ಕಲಿಸ್ಲಿ?"

"ನಂದೊಂದು ದಿನಾ ಹೇಳೂವಷ್ಟು."

ಮರುಭೇಟಿಗೆ ನಲವತ್ತು ದಿನವಿತ್ತು. ಮಧ್ಯಾಹ್ನ ಮೂರು ಗಂಟೆಗೆ, ಪಾತ್ರೆ ತೊಳೆದಾದ ಮೇಲೆ, ಅಡುಗೆ ಕೋಣೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷದ ಪಾಠ. ಇಷ್ಟು ಹುಮ್ಮಸ್ಸಿನಿಂದ ನಾನು ಜೀವಮಾನದಲ್ಲಿ ಪಾಠ ಮಾಡಿರಲಿಲ್ಲ. ಇದೇನು ದೊಡ್ಡ ಮನಸ್ಸಿನ ಕೆಲಸವಲ್ಲ. ಮಕ್ಕಳ ಎದುರು ನನ್ನ ಇಂಗ್ಲಿಷ್ ತಿದ್ದುವ ಚಾಳಿ ಆ ಮನುಷ್ಯನಿಗಿತ್ತು, ಆ ಹಳೆಯ ಉರಿ ನನ್ನ ಹೊಟ್ಟೆಯಲ್ಲಿತ್ತು. ಅವರು ಯಾವ ಭಾಷೆಯಲ್ಲಿ ಮೆರೆಯುತ್ತಿದ್ದರೋ ಅದೇ ಭಾಷೆಯಲ್ಲಿ ಅವರ ಮೂಗು ಮಣ್ಣಿಗೆ ಉಜ್ಜಬೇಕು ಅಂತ ನನಗೂ ಇತ್ತು. ಸೇಡಿಗೆ ನಾನು ಬೇರೆ ಹೆಸರು ಇಡುವುದಿಲ್ಲ.

ಮೊದಲ ದಿನ ಅಭ್ಯಾಸಬಲದಿಂದ ಐ ಗೆಟ್ ಅಪ್, ಐ ಬ್ರಷ್ ಮೈ ಟೀತ್ ಅಂತ ಶುರು ಮಾಡಿದೆ. ತಿಪ್ಪಮ್ಮ ಕೈ ಅಡ್ಡ ಹಿಡಿದಳು.

"ಹಲ್ಲು ತಿಕ್ಕೂದು ಆಕಿಗ್ಯಾಕ ಹೇಳಬೇಕ್ರಿ? ಅದನ್ನ ತಗೀರಿ. ರೊಟ್ಟಿ ಹಾಕ್ರಿ."

"ತೆಗಿಬಾರದು ತಿಪ್ಪಮ್ಮ. ದಿನಚರಿ ಅಂದರ ದಿನಾ ನಡೆಯೋದೆಲ್ಲಾ ಹೇಳಬೇಕು. ಒಂದೂ ಬಿಡಬಾರದು," ಎಂದೆ.

"ಒಂದೂ ಬಿಡಬಾರದೇನ್ರಿ?"

"ಒಂದೂ ಬಿಡಬಾರದು."

ಆಯಿತೆಂದು ಒಪ್ಪಿದಳು. ಇಂಗ್ಲಿಷ್ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಟ್ಟೆ. ಅದನ್ನವಳು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದಳು. ಐ ಸ್ವೀಪ್ ದ ಹೌಸ್, ಕಸ ಗುಡಿಸುತ್ತೇನೆ. ಐ ಮೇಕ್ ರೊಟ್ಟಿ. ಐ ವಾಶ್ ಕ್ಲೋತ್ಸ್, ಬಟ್ಟೆ ಒಗೆಯುತ್ತೇನೆ. ಎವೆರಿ ಡೇ, ದಿನಾಲೂ. ಒಪ್ಪಿಸಿ ಅಭ್ಯಾಸ ಮಾಡಲು ಬೇರೆ ಹೊತ್ತು ಸಿಗದೆ ಆಕೆ ಹೆಡ್‌ಮಾಸ್ಟರ ಅಡುಗೆಮನೆಯಲ್ಲೇ ಕೂತು, ರೊಟ್ಟಿ ಬಡಿಯುವ ಸದ್ದಿಗೆ ಸರಿಯಾಗಿ ಒಂದೊಂದೇ ವಾಕ್ಯ ಹೇಳಿಕೊಳ್ಳುತ್ತಿದ್ದಳಂತೆ. ಏನು ಗೊಣಗುತ್ತೀ ಅಂತ ಅವರ ಹೆಂಡತಿ ಕೇಳಿದರೆ, "ದೇವರ ಹಾಡ್ರಿ ಅಕ್ಕೋರ," ಎನ್ನುತ್ತಿದ್ದಳಂತೆ. ಇದನ್ನು ಕೇಳಿ ನಾವಿಬ್ಬರೂ ಅಡುಗೆ ಕೋಣೆಯ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಒಂದೇ ಒಂದು ಅವಳ ತಲೆಗೆ ಹತ್ತಲಿಲ್ಲ, ಗಡಿಯಾರ. ಆ ಊರಿನ ಹೆಂಗಸರು ಹೊತ್ತು ಹೇಳುವುದು ಬಸ್ಸಿನ ಮೇಲೆ. ಯಾದಗಿರಿ ಬಸ್ ಬಂದಾಗ ಎಮ್ಮೆ ಹಿಂಡಬೇಕು, ಸುರಪುರ ಬಸ್ ಬರುವುದರೊಳಗೆ ಹೊಲದ ಬುತ್ತಿ ಕಟ್ಟಬೇಕು. ಸಿಕ್ಸ್ ಥರ್ಟಿ, ಟೆನ್ ಫಾರ್ಟಿ ಅಂತ ನಾನು ನಲವತ್ತು ದಿನ ಬಡಿದುಕೊಂಡೆ. ಇವತ್ತು ಬಂದದ್ದು ನಾಳೆಗೆ ಮರೆತು ಹೋಗುತ್ತಿತ್ತು. ಟೈಮ್ ಸರಿಯಾಗಿ ಹೇಳದಿದ್ದರೆ ಹೆಡ್‌ಮಾಸ್ಟರು ಅದನ್ನೇ ಹಿಡಿದು ಎಳೆದಾಡುತ್ತಾರೆ ಅಂತ ನನಗೆ ಪುಕುಪುಕು.

ಕೊನೆಯ ವಾರದಲ್ಲಿ ಒಂದು ದಿನ ಬೇಳೆ ಆರಿಸುತ್ತ ಆಕೆ ಕೇಳಿದಳು. "ಮೇಡಂ, ಸುಮ್ಮನಿರೂದು ಅನ್ನಾಕ ಇಂಗ್ಲಿಷ್‌ದಾಗ ಏನಂತಾರ್ರಿ?"

"ಕೀಪ್ ಕ್ವಾಯಟ್," ಎಂದೆ. ಎರಡು ವರ್ಷ ತಾನು ಬಾಯಿ ಮುಚ್ಚಿಕೊಂಡು ದುಡಿದದ್ದನ್ನು ಹೇಳಬೇಕೆಂದಿದ್ದಾಳೆ ಅಂದುಕೊಂಡೆ. ಒಳ್ಳೆಯ ಯೋಚನೆ ಅಂತ ಬೆನ್ನು ತಟ್ಟಿ ಐದಾರು ಸಲ ಹೇಳಿಸಿದೆ.

ಮರುಭೇಟಿಯ ದಿನ ತಂಡ ಬೆಳಿಗ್ಗೆಯೇ ಬಂತು. ಹೆಡ್‌ಮಾಸ್ಟರು ಆ ದಿನ ತಿಪ್ಪಮ್ಮನನ್ನು ಮನೆಗೆ ಕರೆದಿರಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು, ತಿಪ್ಪಮ್ಮನ ಜಾಗಕ್ಕೆ ಬರಬೇಕಾದ ತಮ್ಮ ಪರಿಚಯದ ಹೆಂಗಸಿನ ಅರ್ಜಿಯನ್ನೂ ಸಿದ್ಧವಿಟ್ಟುಕೊಂಡಿದ್ದರು. ವರಾಂಡದಲ್ಲಿ ಕುರ್ಚಿ ಹಾಕಿ ಅಧಿಕಾರಿ ಕೂತರು. ಏಳನೆಯ ತರಗತಿಯ ಮಕ್ಕಳು ಅಲ್ಲೇ ಪಕ್ಕದಲ್ಲಿ ಬರೆಯುತ್ತ ಕುಳಿತಿದ್ದರು. ಏನು ಹೇಳುತ್ತೀರಿ ಅಂತ ಅಧಿಕಾರಿ ಕೇಳಿದರು. ಹೆಡ್‌ಮಾಸ್ಟರು ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆಯುವಷ್ಟರಲ್ಲಿ ತಿಪ್ಪಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಮೇಡಂ, ಐ ಟೆಲ್. ಮೈ ಡೇ."

ತಿಪ್ಪಮ್ಮ ಸೆರಗಿನ ಒಳಗೆ ಅಂಗೈ ಮೇಲೆ ಅಂಗೈ ಮೆಲ್ಲಗೆ ಬಡಿಯುತ್ತಿದ್ದಳು, ರೊಟ್ಟಿ ಬಡಿಯುವ ತಾಳಕ್ಕೆ.

"ಐ ಗೆಟ್ ಅಪ್. ಐ ಬ್ರಷ್ ಮೈ ಟೀತ್. ಐ ಗೋ ಹೆಡ್‌ಮಾಸ್ಟರ್ ಹೌಸ್. ಐ ಸ್ವೀಪ್ ದ ಹೌಸ್. ಐ ಮೇಕ್ ರೊಟ್ಟಿ. ಐ ವಾಶ್ ಕ್ಲೋತ್ಸ್. ಎವೆರಿ ಡೇ. ಟೂ ಇಯರ್."

ಹೆಡ್‌ಮಾಸ್ಟರ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ತುಂಬ ನೋಡಿದೆ. ಹಬ್ಬದ ಊಟದಷ್ಟು ಸಂತೋಷವಾಯಿತು. ಆದರೆ ಅವರು ಅಷ್ಟಕ್ಕೇ ಬೀಳುವವರಲ್ಲ. ಯಾರೋ ಬಾಯಿಪಾಠ ಮಾಡಿಸಿದ್ದಾರೆ ಮೇಡಂ, ಎಷ್ಟು ಗಂಟೆಗೆ ಬರ್ತಾಳೆ, ಎಷ್ಟಕ್ಕೆ ಹೋಗ್ತಾಳೆ ಕೇಳಿ ನೋಡಿ ಅಂತ ಇಂಗ್ಲಿಷಿನಲ್ಲೇ ಹೇಳಿದರು. ಅಧಿಕಾರಿ ತಿಪ್ಪಮ್ಮನ ಕಡೆ ನೋಡಿ, "ವಾಟ್ ಟೈಮ್?" ಎಂದರು.

ತಿಪ್ಪಮ್ಮನ ಕೈ ನಿಂತಿತು. ನನ್ನ ಕಡೆ ನೋಡಿದಳು. ಸಿಕ್ಸ್ ಥರ್ಟಿ, ಸಿಕ್ಸ್ ಥರ್ಟಿ ಅಂತ ನಾನು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ. ಅವಳಿಗೆ ಅದು ಬರಲಿಲ್ಲ. ಹೆಡ್‌ಮಾಸ್ಟರ ತುಟಿಯ ಮೇಲೆ ಸಣ್ಣ ನಗೆ ಮೂಡಿತು. ಆಗ ಆಕೆ ರಸ್ತೆಯ ಕಡೆ ಬೆರಳು ತೋರಿಸಿದಳು.

"ಯಾದಗಿರಿ ಬಸ್ ಕಮ್, ಐ ಗೋ ಹೆಡ್‌ಮಾಸ್ಟರ್ ಹೌಸ್. ಸುರಪುರ ಬಸ್ ಕಮ್, ಐ ಕಮ್ ಸ್ಕೂಲ್."

ಅಧಿಕಾರಿ ಜಾಣೆ. ತಿಪ್ಪಮ್ಮನನ್ನು ಬಿಟ್ಟು ಮಕ್ಕಳ ಕಡೆ ತಿರುಗಿ, ಯಾದಗಿರಿ ಬಸ್ ಎಷ್ಟಕ್ಕೆ ಬರುತ್ತದೆ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಬಸ್ ಅಂದರೆ ಆ ಮಕ್ಕಳಿಗೆ ಪ್ರಾಣ. ಇಡೀ ತರಗತಿ ಒಂದೇ ಬಾಯಲ್ಲಿ, "ಸಿಕ್ಸ್ ಥರ್ಟಿ ಮೇಡಂ!" ಎಂದು ಕೂಗಿತು. ಸುರಪುರ ಬಸ್? "ಟೆನ್ ಫಾರ್ಟಿ ಮೇಡಂ!" ಅಷ್ಟರಲ್ಲಿ ಕೊನೆಯ ಸಾಲಿನ ಒಬ್ಬಳು ಎದ್ದು ನಿಂತು, ಯಾರೂ ಕೇಳದಿದ್ದರೂ, "ಖರೇ ಅದರಿ ಮೇಡಂ, ತಿಪ್ಪಮ್ಮಾಯಿ ದಿನಾ ಸರ್ ಮನ್ಯಾಗ ಇರ್ತಾಳ್ರಿ," ಎಂದಳು. ಅದನ್ನು ಇಂಗ್ಲಿಷಿಗೆ ತಿರುಗಿಸಿದವಳು ನಾನು. ನನ್ನ ಧ್ವನಿ ದೊಡ್ಡದಾಗಿಯೇ ಇತ್ತು.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಹೆಡ್‌ಮಾಸ್ಟರನ್ನು ಬಹಳ ಹೊತ್ತು ನೋಡಿದರು. ಹೆಡ್‌ಮಾಸ್ಟರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ನನಗೆ ಅಲ್ಲಿಗೇ ಮುಗಿಯಿತು ಅನ್ನಿಸಿತ್ತು. ಇಂಗ್ಲಿಷ್ ಕಲಿಸಿದ್ದು ಯಾರು ಅಂತ ಅಧಿಕಾರಿ ಕೇಳಿದಾಗ ತಿಪ್ಪಮ್ಮ ನನ್ನನ್ನು ತೋರಿಸಿದಳು. ನಾನು ಸೆರಗು ಸರಿಮಾಡಿಕೊಂಡು, ಹೊಗಳಿಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವಳ ಅಂಗೈ ಮತ್ತೆ ತಾಳ ಹಾಕತೊಡಗಿತು.

"ಇಂಗ್ಲಿಷ್ ಮೇಡಂ ಕಮ್. ಶಿ ಸೀ ಮಿ, ಹೆಡ್‌ಮಾಸ್ಟರ್ ಹೌಸ್. ಎವೆರಿ ಡೇ. ಟೂ ಇಯರ್. ಶಿ ಕೀಪ್ ಕ್ವಾಯಟ್."

ಇಂಗ್ಲಿಷ್ ಮೇಡಂ ಬರುತ್ತಾರೆ, ಹೆಡ್‌ಮಾಸ್ಟರ ಮನೆಯಲ್ಲಿ ನನ್ನನ್ನು ನೋಡುತ್ತಾರೆ, ದಿನಾಲೂ, ಸುಮ್ಮನಿರುತ್ತಾರೆ. ನಾನೇ ಬೆನ್ನು ತಟ್ಟಿ ಕಲಿಸಿದ ಮಾತು. ಅಧಿಕಾರಿ ಮತ್ತೆ ಪೆನ್ನು ತೆಗೆದುಕೊಂಡರು.

ಸಂಜೆ ಅಡುಗೆ ಕೋಣೆಗೆ ನುಗ್ಗಿದೆ. "ನಲವತ್ತು ದಿನ ಕಲಿಸಿದೆನಲ್ಲ ತಿಪ್ಪಮ್ಮ, ನನಗೂ ಹೀಗೆ ಮಾಡೋದಾ?" ಎಂದೆ. ಆಕೆ ಹಂಡೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನೀವ ಹೇಳಿದ್ರಲ್ರಿ, ದಿನಾ ನಡಿಯೂದೆಲ್ಲಾ ಹೇಳಬೇಕು, ಒಂದೂ ಬಿಡಬಾರದಂತ," ಎಂದಳು. ಹಂಡೆಗೆ ನೀರು ಸುರಿದು, "ಅವ ಬೈದದ್ದು ನನಗ ತಿಳೀಲಿಲ್ರಿ. ನಿಮಗ ತಿಳಿದಿತ್ತು. ನಾ ಕೈ ಮುಗಿದಾಗ ನೀವು ನೋಡಾಕತ್ತಿದ್ರಿ," ಎಂದಳು. ಆಮೇಲೆ ಎದ್ದು ಎಂದಿನಂತೆ ನನಗೆ ಚಹಾ ಸೋಸಿ ಕೊಟ್ಟಳು. ಸಕ್ಕರೆ ಕೂಡ ಸರಿಯಾಗಿತ್ತು. ಕುಡಿಯಲು ನನಗೇ ಆಗಲಿಲ್ಲ.

ತಿಪ್ಪಮ್ಮನ ಕೆಲಸ ಉಳಿಯಿತು. ಮರುದಿನದಿಂದ ಊಟ ಒಂದಕ್ಕೆ ಸರಿಯಾಗಿ ಬಡಿಸಲಾಯಿತು. ವಿಚಾರಣೆಯ ನಂತರ ಹೆಡ್‌ಮಾಸ್ಟರನ್ನು ತೆಲಂಗಾಣ ಗಡಿಯ ಗುರುಮಠಕಲ್ ಕಡೆಯ ಒಂದು ಶಾಲೆಗೆ ಹಾಕಿದರು. ಅಲ್ಲಿ ಅಡುಗೆಯವರು ತಮ್ಮತಮ್ಮಲ್ಲಿ ತೆಲುಗು ಮಾತಾಡಿಕೊಳ್ಳುತ್ತಾರೆ, ಇವರಿಗೆ ಒಂದಕ್ಷರ ತಿಳಿಯದು. ತಮ್ಮನ್ನು ಏನಂದರು, ಯಾಕೆ ನಕ್ಕರು ಅಂತ ದಿನಾಲೂ ಅವರಿವರ ಬಾಯಿ ನೋಡುತ್ತ ಕೂರಬೇಕು. ಇದನ್ನು ನೆನೆದಾಗಲೆಲ್ಲ ಈಗಲೂ ನನಗೆ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ನನಗೂ ಒಂದು ನೋಟಿಸ್ ಬಂತು. ವಿಷಯ ಗೊತ್ತಿದ್ದೂ ಮೇಲಿನವರಿಗೆ ಯಾಕೆ ತಿಳಿಸಲಿಲ್ಲ, ಏಳು ದಿನದಲ್ಲಿ ವಿವರಣೆ ಕೊಡಿ ಅಂತ. ಆರು ದಿನ ನೆಪ ಹುಡುಕಿದೆ. ವರ್ಗಾವಣೆ ಅರ್ಜಿ, ಆರೋಗ್ಯ, ಹೆಡ್‌ಮಾಸ್ಟರ ದಬ್ಬಾಳಿಕೆ, ಎಲ್ಲವನ್ನೂ ಬರೆದು ಬರೆದು ಹರಿದೆ. ಏಳನೆಯ ದಿನ ಆಕೆಗೆ ಕಲಿಸಿದ ಪಾಠವನ್ನು ನಾನೇ ಬರೆದೆ. ಸೇವಾ ಪುಸ್ತಕದಲ್ಲಿ ಎಚ್ಚರಿಕೆ ದಾಖಲಾಯಿತು, ಶಹಾಪುರದ ವರ್ಗಾವಣೆ ತಪ್ಪಿತು. ಮೂವತ್ತೆರಡು ವರ್ಷದ ನೌಕರಿ ನನಗೆ ಕಲಿಸಿದ್ದು ಆ ಒಂದು ಹಾಳೆಯಲ್ಲಿದೆ. ಅದರ ಪ್ರತಿ ಇನ್ನೂ ನನ್ನ ಹತ್ತಿರವಿದೆ, ಹೀಗಿದೆ:

"ನಾನು ಆರಕ್ಕೆ ಏಳುತ್ತೇನೆ. ಹಾಲು ಹಾಕಿದ ಚಹಾ ಕುಡಿಯುತ್ತೇನೆ. ಒಂಬತ್ತಕ್ಕೆ ಬಸ್ಸಿನಿಂದ ಇಳಿಯುತ್ತೇನೆ. ಹೆಡ್‌ಮಾಸ್ಟರ ಮನೆಯ ಮುಂದೆ ಹಾದು ಬರುತ್ತೇನೆ. ಅಂಗಳದಲ್ಲಿ ತಿಪ್ಪಮ್ಮ ಅವರ ಬಟ್ಟೆ ಒಗೆಯುತ್ತಿರುತ್ತಾಳೆ. ತಲೆ ಎತ್ತಿ ನಮಸ್ಕಾರ ಮೇಡಂ ಅನ್ನುತ್ತಾಳೆ. ನಾನೂ ನಮಸ್ಕಾರ ಅನ್ನುತ್ತೇನೆ. ಶಾಲೆಗೆ ಹೋಗಿ, ಹಸಿದ ಮಕ್ಕಳಿಗೆ ಐ ಡ್ರಿಂಕ್ ಮಿಲ್ಕ್ ಎಂದು ಹೇಳಿಕೊಡುತ್ತೇನೆ. ದಿನಾಲೂ."